ಖರ್ಚು ಮಾಡಿ ಎಂದು ಯಾರಿಗೆ ಹೇಳಬೇಕು?

ಜಿಎಸ್‌ಟಿ ದರ ಇಳಿಕೆಯ ಬಗ್ಗೆ ನಾವು ಬರೆದದ್ದನ್ನು ಓದಿ ಶಿವಮೊಗ್ಗದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ. ಅವರ ಮಗ ಕೇಂದ್ರ ಸರ್ಕಾರದ ನೌಕರರು. ಕೋವಿಡ್ ಕಾಲದಲ್ಲಿ ಪ್ರವಾಸ ಹೋಗದೆಯೂ ಎಲ್‌ಟಿಸಿ, ಅಂದರೆ ರಜೆಯ ಪ್ರವಾಸಕ್ಕೆಂದು ನೌಕರರಿಗೆ ಸರ್ಕಾರ ಕೊಡುವ ಪ್ರಯಾಣದ ಹಣ, ಪಡೆಯಬಹುದು, ಆದರೆ ಅದರ ಮೂರು ಪಟ್ಟು ಮೊತ್ತಕ್ಕೆ ಸಾಮಾನು ಕೊಳ್ಳಬೇಕು ಎಂದು ಸರ್ಕಾರ ಹೇಳಿದಾಗ, ನಾಲ್ವರ ಕುಟುಂಬಕ್ಕೆ ಸಿಗುವ 80,000 ರೂಪಾಯಿಗಾಗಿ ಅವರು ಟಿವಿ, ವಾಷಿಂಗ್ ಮಷಿನ್, ಲ್ಯಾಪ್‌ಟಾಪ್ ಎಂದು 2,40,000 ರೂಪಾಯಿ ಖರ್ಚು ಮಾಡಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಕಷ್ಟಕಾಲದಲ್ಲಿ ಕೈ ಬಿಗಿ ಹಿಡಿಯಿರಿ ಎನ್ನಬೇಕಾದ ಸರ್ಕಾರವೇ ಖರ್ಚು ಮಾಡಿ ಎನ್ನುವುದು ಯಾವ ನ್ಯಾಯ? ಹಾಗೆ ಖರ್ಚು ಮಾಡಿಸಲೇಬೇಕಿದ್ದರೆ ಸಂಬಳ ಬರುವವರಿಗೇ ಏಕೆ, ಕೆಲಸ ಕಳೆದುಕೊಂಡವರಿಗೆ ಏಕಲ್ಲ?" ಎಂಬುದು ಅವರ ಪ್ರಶ್ನೆ. ಕೊನೆಯಲ್ಲಿ ಮನೆಯ ಫ್ರಿಜ್ ಕುರಿತು ಒಂದು ಸಣ್ಣ ವಿಚಾರಣೆಯೂ ಇದೆ.

ಮಾನ್ಯರೇ,

ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಉತ್ತರ ನಿಮಗೆ ರುಚಿಸಲಾರದು. ಎರಡನೆಯದರಲ್ಲಿ ನಾವು ಬಹುಮಟ್ಟಿಗೆ ನಿಮ್ಮ ಪರವಾಗಿಯೇ ಇದ್ದೇವೆ.

ನೀವು ಮಕ್ಕಳಿಗೆ ಹೇಳಿಕೊಟ್ಟ ಪಾಠ ಒಂದು ಮನೆಯ ಮಟ್ಟಿಗೆ ಸರಿ. ಆದರೆ ಊರಿನ ಎಲ್ಲ ಮನೆಗಳೂ ಒಂದೇ ತಿಂಗಳಲ್ಲಿ ಅದನ್ನು ಪಾಲಿಸತೊಡಗಿದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ನೀವು ಹೊಸ ಅಂಗಿ ಹೊಲಿಸುವುದನ್ನು ಮುಂದೂಡಿದರೆ ಅದು ನಿಮಗೆ ಉಳಿತಾಯ, ದರ್ಜಿಗೆ ತಪ್ಪಿಹೋದ ಕೂಲಿ. ದರ್ಜಿ ಹೋಟೆಲಿಗೆ ಹೋಗುವುದನ್ನು ಬಿಟ್ಟರೆ ಅದು ಅವನಿಗೆ ಉಳಿತಾಯ, ಮಾಣಿಗೆ ತಪ್ಪಿಹೋದ ಸಂಬಳ. ಒಬ್ಬರ ಖರ್ಚೇ ಇನ್ನೊಬ್ಬರ ವರಮಾನವಾಗಿರುವುದರಿಂದ, ಎಲ್ಲರೂ ಒಟ್ಟಿಗೆ ಉಳಿಸಲು ಹೊರಟಾಗ ಎಲ್ಲರ ವರಮಾನವೂ ಕುಸಿದು, ಕೊನೆಗೆ ಉಳಿಸಲು ಯಾರ ಬಳಿಯೂ ಹೆಚ್ಚೇನೂ ಇರುವುದಿಲ್ಲ. 1930ರ ದಶಕದ ಮಹಾ ಹಿಂಜರಿತದ ಕಾಲದಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಒತ್ತಿ ಹೇಳಿದ್ದು ಇದನ್ನೇ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ, ಆಗ ಪ್ರಕಟವಾದ ಅಂದಾಜಿನಂತೆ, ದೇಶದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 23.9ರಷ್ಟು ಕುಸಿದಿತ್ತು. ಅದೇ ಮೂರು ತಿಂಗಳಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಐದನೇ ಒಂದು ಭಾಗದಷ್ಟಕ್ಕೆ ಏರಿತ್ತು ಎಂದು ರಿಸರ್ವ್ ಬ್ಯಾಂಕ್ ಅಂದಾಜಿಸಿತು. ಅಂಗಡಿ, ರೈಲು, ಸಿನಿಮಾ ಎಲ್ಲವೂ ಮುಚ್ಚಿದ್ದಾಗ ಖರ್ಚು ಮಾಡಲು ದಾರಿಯೇ ಇರಲಿಲ್ಲ ಎಂಬುದೂ ಅದಕ್ಕೊಂದು ಕಾರಣ. ಏನೇ ಇರಲಿ, ಹಣ ಇದ್ದವರ ಬಳಿ ಅದು ಸುಮ್ಮನೆ ಕುಳಿತಿತ್ತು. ಅದನ್ನು ಎಬ್ಬಿಸುವುದು ಸರ್ಕಾರದ ಕೆಲಸವೇ ಆಗಿತ್ತು.

ಈಗ ನಿಮ್ಮ ಮಗನ ಟಿವಿಯ ವಿಚಾರಕ್ಕೆ ಬರೋಣ. 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ ಈ ಯೋಜನೆಯಲ್ಲಿ, 2018ರಿಂದ 2021ರವರೆಗಿನ ಅವಧಿಯ ಒಂದು ಎಲ್‌ಟಿಸಿಯ ಬದಲಿಗೆ ತಲೆಗೆ ಇಷ್ಟು ಎಂಬ ನಿಗದಿತ ಮೊತ್ತ ಕೊಡುವ ಏರ್ಪಾಡಿತ್ತು. ವಿಮಾನದ ಬಿಸಿನೆಸ್ ದರ್ಜೆಯ ಅರ್ಹತೆ ಇದ್ದವರಿಗೆ 36,000, ಸಾಮಾನ್ಯ ದರ್ಜೆಯವರಿಗೆ 20,000, ರೈಲಿನವರಿಗೆ 6,000 ರೂಪಾಯಿ. ಈ ಹಣಕ್ಕೆ ಆದಾಯ ತೆರಿಗೆ ಇರಲಿಲ್ಲ. ಆದರೆ ಪ್ರಯಾಣದ ಮೊತ್ತದ ಮೂರು ಪಟ್ಟು ಮತ್ತು ಗಳಿಕೆ ರಜೆ ನಗದೀಕರಣದ (ಬಳಸದ ರಜೆಯ ಬದಲಿಗೆ ಪಡೆಯುವ ಹಣದ) ಮೊತ್ತದಷ್ಟು ಹಣವನ್ನು 2021ರ ಮಾರ್ಚ್ 31ರೊಳಗೆ ಖರ್ಚು ಮಾಡಬೇಕಿತ್ತು. ಕೊಳ್ಳುವ ವಸ್ತು ಅಥವಾ ಸೇವೆಗೆ ಶೇ 12 ಅಥವಾ ಅದಕ್ಕಿಂತ ಹೆಚ್ಚು ಜಿಎಸ್‌ಟಿ ಇರಬೇಕಿತ್ತು. ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಿರಬೇಕಿತ್ತು. ಹಣವನ್ನು ಡಿಜಿಟಲ್ ರೂಪದಲ್ಲೇ ಪಾವತಿಸಬೇಕಿತ್ತು. ಅದೇ ದಿನ ಹಬ್ಬದ ಮುಂಗಡವೂ ಒಂದು ಬಾರಿಯ ಮಟ್ಟಿಗೆ ಮರಳಿ ಬಂತು. ಏಳನೇ ವೇತನ ಆಯೋಗದ ಶಿಫಾರಸಿನಂತೆ ನಿಂತುಹೋಗಿದ್ದ ಅದನ್ನು ಈಗ 10,000 ರೂಪಾಯಿ ತುಂಬಿದ ರುಪೇ ಕಾರ್ಡಿನ ರೂಪದಲ್ಲಿ, ಬಡ್ಡಿಯಿಲ್ಲದೆ, ಹತ್ತು ಕಂತುಗಳಲ್ಲಿ ಸಂಬಳದಿಂದ ಹಿಡಿದುಕೊಳ್ಳುವ ಷರತ್ತಿನ ಮೇಲೆ ಕೊಟ್ಟರು.

ನಿಮ್ಮ ಮಗನ ಲೆಕ್ಕವನ್ನು ಬೊಕ್ಕಸದ ಕಡೆಯಿಂದ ಬಿಡಿಸಿ ನೋಡಿದರೆ ಯೋಜನೆಯ ಜಾಣತನ ಗೊತ್ತಾಗುತ್ತದೆ. ಸರ್ಕಾರ ಕೊಟ್ಟಿದ್ದು 80,000 ರೂಪಾಯಿ. ಅವರು ಕೊಂಡ 2,40,000 ರೂಪಾಯಿಯ ಸಾಮಾನಿಗೆ ಶೇ 18ರ ದರದಲ್ಲಿ ಲೆಕ್ಕ ಹಾಕಿದರೂ ಅದರೊಳಗೆ ಸುಮಾರು 36,600 ರೂಪಾಯಿ ಜಿಎಸ್‌ಟಿ ಅಡಗಿದೆ. ಟಿವಿ 32 ಇಂಚಿಗಿಂತ ದೊಡ್ಡದಾಗಿದ್ದರೆ ಆಗ ಅದರ ತೆರಿಗೆ ಶೇ 28 ಇತ್ತು, ಅಂದರೆ ಬೊಕ್ಕಸಕ್ಕೆ ಮರಳಿದ್ದು ಇನ್ನೂ ಹೆಚ್ಚು. ಈ ತೆರಿಗೆಯಲ್ಲಿ ರಾಜ್ಯದ ಪಾಲೂ ಇದೆ ಎಂಬುದು ನಿಜ. ಆದರೂ ಸರ್ಕಾರದ ಒಂದು ರೂಪಾಯಿಯ ಜೊತೆಗೆ ನೌಕರನ ಕೈಯಿಂದ ಎರಡು ರೂಪಾಯಿ ಹೊರಡಿಸಿ, ಆ ಮೂರರ ಮೇಲೂ ತೆರಿಗೆ ಎತ್ತುವ ಈ ಏರ್ಪಾಡನ್ನು ಯೋಚಿಸಿದ ಅಧಿಕಾರಿಯ ಲೆಕ್ಕದ ತಲೆಯನ್ನು ಮೆಚ್ಚಲೇಬೇಕು. ಕೇಂದ್ರ ನೌಕರರ ಮಟ್ಟಿಗೆ 5,675 ಕೋಟಿ, ಸಾರ್ವಜನಿಕ ವಲಯದ ಬ್ಯಾಂಕು ಮತ್ತು ಉದ್ಯಮಗಳ ಮಟ್ಟಿಗೆ 1,900 ಕೋಟಿ ವೆಚ್ಚವಾಗಿ 19,000 ಕೋಟಿ ರೂಪಾಯಿಯ ಬೇಡಿಕೆ ಹುಟ್ಟುತ್ತದೆ ಎಂದು ಸಚಿವಾಲಯ ಅಂದು ಅಂದಾಜಿಸಿತ್ತು.

ಆದರೆ "ಹುಟ್ಟುತ್ತದೆ" ಎಂಬ ಮಾತಿನಲ್ಲೇ ತೊಡಕಿದೆ. ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಬಹುಶಃ ನಿಮಗೇ ಅರಿವಿಲ್ಲದಂತೆ, ಅತ್ಯಂತ ಮುಖ್ಯವಾದ ಒಂದು ಮಾತು ಬಂದುಬಿಟ್ಟಿದೆ: ಹಳೆಯ ವಾಷಿಂಗ್ ಮಷಿನ್ ಕೆಟ್ಟು ಆಗಲೇ ಎರಡು ತಿಂಗಳಾಗಿತ್ತು ಎಂದು ಬರೆದಿದ್ದೀರಿ. ಹಾಗಿದ್ದರೆ ಯೋಜನೆ ಇರಲಿ, ಇಲ್ಲದಿರಲಿ, ಆ ಮಷಿನನ್ನು ನಿಮ್ಮ ಮಗ ಕೊಳ್ಳಲೇಬೇಕಿತ್ತು. ಅದು ಹೊಸದಾಗಿ ಹುಟ್ಟಿದ ಬೇಡಿಕೆ ಅಲ್ಲ, ಹೇಗೂ ಆಗಲಿದ್ದ ಖರೀದಿಗೆ ಸಿಕ್ಕ ಬಕ್ಷೀಸು. ಈ ಅಪಾಯ ಸರ್ಕಾರಕ್ಕೂ ತಿಳಿದಿತ್ತು. ಯೋಜನೆಯ ಬಗ್ಗೆ ಕಂತು ಕಂತಾಗಿ ಹೊರಬಿದ್ದ ಸ್ಪಷ್ಟೀಕರಣಗಳಲ್ಲಿ, ಈಗಾಗಲೇ ಇರುವ ವಿಮಾ ಪಾಲಿಸಿಯ ಪ್ರೀಮಿಯಂ ಲೆಕ್ಕಕ್ಕೆ ಬರುವುದಿಲ್ಲ, ಆ ಅವಧಿಯಲ್ಲಿ ಹೊಸದಾಗಿ ಮಾಡಿಸಿದ ಪಾಲಿಸಿಯದು ಬರುತ್ತದೆ ಎಂದು ಹೇಳಲಾಯಿತು. ಪಾಲಿಸಿ ಹಳೆಯದೋ ಹೊಸದೋ ಎಂಬುದನ್ನು ಕಾಗದ ನೋಡಿ ಹೇಳಬಹುದು. ಟಿವಿ ಕೊಳ್ಳುವ ಯೋಚನೆ ಹಳೆಯದೋ ಹೊಸದೋ ಎಂದು ಯಾವ ಬಿಲ್ ನೋಡಿ ಹೇಳುವುದು? ಇಷ್ಟರ ಮೇಲೆ, ಉಳಿಸುವವರಿಂದ ಖರ್ಚು ಮಾಡಿಸಲು ಹೊರಟ ಯೋಜನೆಯೇ ವಿಮೆಗೆ ಬಾಗಿಲು ತೆರೆದಿಟ್ಟದ್ದನ್ನು ನೆನೆದರೆ ನಮಗೆ ಇಂದಿಗೂ ನಗು ಬರುತ್ತದೆ.

ಬೇರೆ ದೇಶಗಳೂ ಇದೇ ಕಲ್ಲಿಗೆ ಎಡವಿವೆ. 1999ರಲ್ಲಿ ಜಪಾನ್ ಸರ್ಕಾರ ಹದಿನೈದು ವರ್ಷದವರೆಗಿನ ಮಕ್ಕಳಿರುವ ಕುಟುಂಬಗಳಿಗೆ ಮತ್ತು ಕೆಲವು ವರ್ಗದ ವೃದ್ಧರಿಗೆ ತಲೆಗೆ 20,000 ಯೆನ್ ಬೆಲೆಯ ಕೂಪನ್ ಹಂಚಿತು. ಹಣ ಕೊಟ್ಟರೆ ಜನ ಉಳಿಸಿಡುತ್ತಾರೆಂಬ ಭಯದಿಂದ ಆ ಕೂಪನ್ನುಗಳಿಗೆ ಆರು ತಿಂಗಳ ಗಡುವಿಟ್ಟು, ತಮ್ಮ ಊರಿನ ಅಂಗಡಿಗಳಲ್ಲೇ ಬಳಸಬೇಕೆಂದು ಕಟ್ಟು ಹಾಕಿದರು. ಜನ ಕೂಪನ್ನುಗಳನ್ನು ಗಡುವಿನೊಳಗೆ ಚಾಚೂ ತಪ್ಪದೆ ಬಳಸಿದರು. ಆದರೆ ಹೇಗೂ ಕೊಳ್ಳಲಿದ್ದ ಸಾಮಾನನ್ನು ಕೂಪನ್ ಕೊಟ್ಟು ಕೊಂಡು, ತಮ್ಮ ಕೈಯ ಯೆನ್‌ಗಳನ್ನು ಉಳಿಸಿಕೊಂಡವರೇ ಹೆಚ್ಚು. ಹೊಸದಾಗಿ ಆದ ಖರ್ಚು ಕೂಪನ್ ಮೌಲ್ಯದ ಸಣ್ಣ ಪಾಲು ಮಾತ್ರ ಎಂದು ನಂತರ ಅಧ್ಯಯನ ಮಾಡಿದವರು ಹೇಳಿದರು. ಅಮೆರಿಕದ 2009ರ ಕಥೆ ಇನ್ನೂ ಸ್ವಾರಸ್ಯಕರ. ಹೆಚ್ಚು ಪೆಟ್ರೋಲ್ ಕುಡಿಯುವ ಹಳೆಯ ಕಾರು ಕೊಟ್ಟು ಹೊಸದನ್ನು ಕೊಂಡವರಿಗೆ 3,500 ಅಥವಾ 4,500 ಡಾಲರ್ ರಿಯಾಯಿತಿ ಎಂದಾಗ, ಮೊದಲು ತೆಗೆದಿರಿಸಿದ್ದ 100 ಕೋಟಿ ಡಾಲರ್ ಕೆಲವೇ ದಿನಗಳಲ್ಲಿ ಕರಗಿ, ಇನ್ನೂ 200 ಕೋಟಿ ಸೇರಿಸಬೇಕಾಯಿತು. ಸುಮಾರು 6.8 ಲಕ್ಷ ಕಾರುಗಳು ಮಾರಾಟವಾದವು. ಹಳೆಯ ಕಾರುಗಳು ಮತ್ತೆ ರಸ್ತೆಗೆ ಬಾರದಂತೆ ಅವುಗಳ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಕೆಡಿಸಿದರು. ಆದರೆ ಮುಂದಿನ ತಿಂಗಳುಗಳಲ್ಲಿ ಕೊಳ್ಳಬೇಕಿದ್ದವರೇ ಬಂದು ಮೊದಲೇ ಕೊಂಡು ಹೋದದ್ದರಿಂದ, ಯೋಜನೆ ಮುಗಿದ ಮೇಲೆ ಮಾರಾಟ ಅಷ್ಟೇ ಇಳಿಯಿತು ಎಂಬುದು ಅಲ್ಲಿನ ಸಂಶೋಧಕರ ತೀರ್ಮಾನ.

ಹೀಗಿರುವಾಗ ನಮ್ಮ ಯೋಜನೆ ಮಾತ್ರ ಸಂಪೂರ್ಣ ಸಫಲವಾಗಬೇಕಿತ್ತು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ನಮ್ಮ ಆಕ್ಷೇಪ ಇರುವುದು ಬೇರೆ ಕಡೆ, ಆ ಶೇ 12ರ ಷರತ್ತಿನ ಮೇಲೆ. ಅಕ್ಕಿ, ಬೇಳೆ, ತರಕಾರಿ ಅದರಿಂದ ಹೊರಗುಳಿದದ್ದು ಸರಿಯೇ. ಅವನ್ನು ಜನ ಹೇಗೂ ಕೊಳ್ಳುತ್ತಾರೆ. ಆದರೆ ಸೀರೆಯ ಮೇಲಿನ ಜಿಎಸ್‌ಟಿ ಶೇ 5. ನಿಮ್ಮ ಸೊಸೆ ಟಿವಿ ಬೇಡ, ಇಳಕಲ್ಲಿನದೋ ಮೊಳಕಾಲ್ಮೂರಿನದೋ ಸೀರೆ ಬೇಕು ಎಂದಿದ್ದರೆ, ಆ ಬಿಲ್ಲಿಗೆ ಯೋಜನೆಯಲ್ಲಿ ಕಿಲುಬು ಕಾಸಿನ ಬೆಲೆಯಿರಲಿಲ್ಲ. ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟಿರುವ, ಜಿಎಸ್‌ಟಿ ನೋಂದಣಿಯ ಅಗತ್ಯವೇ ಇಲ್ಲದ ಸಣ್ಣ ಅಂಗಡಿಯವನಿಂದ ಕೊಂಡಿದ್ದರೂ ಅಷ್ಟೇ. ಮಗ್ಗ ನಿಂತು ಕೈ ಖಾಲಿಯಾಗಿದ್ದವನು ನೇಕಾರ, ವ್ಯಾಪಾರವಿಲ್ಲದೆ ಕುಳಿತವನು ಬೀದಿಯ ಸಣ್ಣ ವರ್ತಕ. ಅವರನ್ನು ದಾಟಿಕೊಂಡು ಹಣ ನೇರವಾಗಿ ದೊಡ್ಡ ಕಾರ್ಖಾನೆಯ ಸರಕಿನ ಕಡೆಗೆ ಹೋಗುವಂತೆ ಕಾಲುವೆ ತೋಡಿದ್ದು ಆ ಷರತ್ತು. ತೆರಿಗೆ ಹೆಚ್ಚು ಮರಳಲಿ, ಲೆಕ್ಕ ಕಾಗದದ ಮೇಲೆ ಸಿಗಲಿ ಎಂಬುದು ಅದರ ಉದ್ದೇಶವಾಗಿದ್ದಿರಬಹುದು. ಬೊಕ್ಕಸದ ದೃಷ್ಟಿಯಿಂದ ಅದು ವಿವೇಕ. ಹಿಂಜರಿತದಿಂದ ಹೆಚ್ಚು ಪೆಟ್ಟು ತಿಂದವರ ದೃಷ್ಟಿಯಿಂದ ಅಲ್ಲ.

ಇನ್ನೂ ಒಂದು ಮಾತು ನಿಮ್ಮ ಮಗನ ಪರವಾಗಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನೌಕರರ ತುಟ್ಟಿಭತ್ಯೆಯ ಏರಿಕೆಯನ್ನು 2020ರ ಜನವರಿಯಿಂದಲೇ ತಡೆಹಿಡಿದಿತ್ತು. 2021ರ ಜುಲೈನಲ್ಲಿ ಅದನ್ನು ಶೇ 17ರಿಂದ 28ಕ್ಕೆ ಏರಿಸಿದಾಗಲೂ ನಡುವಿನ ಹದಿನೆಂಟು ತಿಂಗಳ ಬಾಕಿ ಕೊಡಲಿಲ್ಲ. ಒಂದು ಕೈಯಲ್ಲಿ ಭತ್ಯೆ ತಡೆದು, ಇನ್ನೊಂದು ಕೈಯಲ್ಲಿ ಅವರದೇ ಸಂಬಳವನ್ನು ಹಬ್ಬದ ಮುಂಗಡವೆಂದು ಕೊಟ್ಟು ಖರ್ಚು ಮಾಡಿ ಎಂದರೆ ನೌಕರ ಯಾವ ಧೈರ್ಯದಿಂದ ಮಾಡಿಯಾನು? ನಾಳೆಯ ವರಮಾನದ ಭರವಸೆ ಇದ್ದವನು ಮಾತ್ರ ಇಂದು ಜೇಬು ಬಿಚ್ಚುತ್ತಾನೆ.

ನಿಮ್ಮ ಎರಡನೇ ಪ್ರಶ್ನೆಗೆ ಇಷ್ಟರಲ್ಲೇ ಅರ್ಧ ಉತ್ತರ ಬಂದಿದೆ. ಉಳಿತಾಯವಿದ್ದವರಿಗೆ ಖರ್ಚು ಮಾಡಲು ಆಮಿಷ ಒಡ್ಡಬೇಕು. ಏನೂ ಇಲ್ಲದವರಿಗೆ ಆಮಿಷ ಬೇಕಿಲ್ಲ, ಹಣ ಕೊಟ್ಟರೆ ಸಾಕು. ಜನಧನ ಖಾತೆಯಿದ್ದ 20 ಕೋಟಿಗೂ ಹೆಚ್ಚು ಮಹಿಳೆಯರಿಗೆ ಏಪ್ರಿಲ್‌ನಿಂದ ಮೂರು ತಿಂಗಳ ಕಾಲ ತಿಂಗಳಿಗೆ 500 ರೂಪಾಯಿ ಹಾಕಿದರು. ಆ ಹಣ ಖರ್ಚಾಯಿತೇ ಎಂದು ತಿಳಿಯಲು ಯಾವ ಬಿಲ್ಲೂ ಬೇಕಾಗಲಿಲ್ಲ. ಆದರೆ 500 ರೂಪಾಯಿ ಎಂಬುದು ಅಂದಿಗೂ ಅತಿ ಸಣ್ಣ ಮೊತ್ತ, ಮೂರು ತಿಂಗಳು ಅತಿ ಚಿಕ್ಕ ಅವಧಿ. ನಿಜವಾದ ಆಸರೆಯಾದದ್ದು ಉದ್ಯೋಗ ಖಾತ್ರಿ. ಮೇ ತಿಂಗಳಲ್ಲಿ ಹೆಚ್ಚುವರಿಯಾಗಿ 40,000 ಕೋಟಿ ಸಿಕ್ಕ ಆ ಯೋಜನೆಯಲ್ಲಿ 2020–21ರಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಸಂಜೆ ಸುಸ್ತಾಗಿ ಮನೆಗೆ ಬಂದು ಮರುದಿನವೂ ಗುದ್ದಲಿ ಹಿಡಿದು ಹೊರಟವರು ಆ ಕೂಲಿಯನ್ನು ಬ್ಯಾಂಕಿನಲ್ಲಿ ಮಲಗಿಸಿಡುವಷ್ಟು ಸ್ಥಿತಿವಂತರಾಗಿರಲಿಲ್ಲ.

ನಮ್ಮ ರಾಜ್ಯದಲ್ಲೂ ಒಂದು ಪ್ರಯತ್ನ ನಡೆಯಿತು. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪರಿಹಾರದಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಕೈಮಗ್ಗದ ನೇಕಾರರಿಗೆ 2,000 ರೂಪಾಯಿ ಇತ್ತು. ಯಾರ ದಿನಗೂಲಿ ನಿಂತಿದೆಯೋ ಅವರ ಹೆಸರು ಹಿಡಿದು ಕೊಡಲು ಹೊರಟದ್ದು ಅದರ ಒಳ್ಳೆಯ ಗುಣ. ಆದರೆ ಚಾಲಕರು ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕಿತ್ತು. ಲಾಕ್‌ಡೌನಿನಲ್ಲಿ ದುಡಿಮೆ ಕಳೆದುಕೊಂಡವನಿಗೆ ಅರ್ಜಿ ತುಂಬುವುದೇ ಇನ್ನೊಂದು ದುಡಿಮೆಯಾಯಿತು. ಹಿಂಜರಿತದಲ್ಲಿ ಸಹಾಯಧನದ ಮೊತ್ತದಷ್ಟೇ ಅದು ಕೈಸೇರುವ ದಿನವೂ ಮುಖ್ಯ ಎಂಬುದನ್ನು ಅರ್ಜಿ ನಮೂನೆ ಬರೆಯುವವರು ಮರೆತುಬಿಡುತ್ತಾರೆ.

ದಿನದ ಮಾತು ಬಂದದ್ದರಿಂದ ಜಿಎಸ್‌ಟಿಯನ್ನೂ ಮುಟ್ಟಿ ಮುಗಿಸುತ್ತೇವೆ. 2025ರ ಆಗಸ್ಟ್ 15ರಂದು ಪ್ರಧಾನಿಯವರು ತೆರಿಗೆ ಇಳಿಯಲಿದೆ ಎಂದು ಸೂಚಿಸಿದರು. ಜಿಎಸ್‌ಟಿ ಮಂಡಳಿ ನಿರ್ಧರಿಸಿದ್ದು ಸೆಪ್ಟೆಂಬರ್ 3ರಂದು. ದರ ಇಳಿದದ್ದು 22ರಂದು. ನಡುವಿನ ಐದು ವಾರ ಕಾರು ಕೊಳ್ಳಬೇಕಿದ್ದವರು ಶೋರೂಮಿನ ಬಾಗಿಲಿಗೆ ಹೋಗಿ ಬೆಲೆ ಕೇಳಿ ಹಿಂದಿರುಗಿದರು. ನಂತರ ದಸರಾ, ದೀಪಾವಳಿಯಲ್ಲಿ ಕಂಡ ನೂಕುನುಗ್ಗಲಿನಲ್ಲಿ ಹೊಸ ಬೇಡಿಕೆ ಎಷ್ಟು, ಆಗಸ್ಟ್‌ನಿಂದ ಕಾದು ಕುಳಿತದ್ದು ಎಷ್ಟು ಎಂದು ಬಿಡಿಸದೆ ಸಂಭ್ರಮಿಸಿದ ತಪ್ಪು ಆಗ ನಮ್ಮ ಪತ್ರಿಕೆಯದೂ ಹೌದು.

ಕೊನೆಯದಾಗಿ, ಜಿಎಸ್‌ಟಿ ಇಳಿದಿರುವುದರಿಂದ ಈಗ ಹಳೆಯ ಫ್ರಿಜ್ ಬದಲಿಸುವುದು ಲಾಭವೇ ಎಂದು ಕೇಳಿದ್ದೀರಿ. ಆ ದಿನ ಶೇ 28ರಿಂದ 18ಕ್ಕೆ ಇಳಿದ ಮನೆಬಳಕೆ ವಸ್ತುಗಳಲ್ಲಿ ಏಸಿ, 32 ಇಂಚಿಗಿಂತ ದೊಡ್ಡ ಟಿವಿ, ಪಾತ್ರೆ ತೊಳೆಯುವ ಯಂತ್ರ ಇವೆ. ಫ್ರಿಜ್ಜಿನ ತೆರಿಗೆ 2018ರ ಜುಲೈನಿಂದಲೂ ಶೇ 18 ಇದೆ, ಈಗಲೂ ಅಷ್ಟೇ ಇದೆ. ಅಂಗಡಿಯವರು ಜಿಎಸ್‌ಟಿ ಆಫರ್ ಎಂದು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದರೆ ಅದು ಅವರದೇ ರಿಯಾಯಿತಿ. ಚೌಕಾಸಿ ಮಾಡಿದರೆ ಇನ್ನೂ ಸ್ವಲ್ಪ ಇಳಿಸಿಯಾರು.

– ಸಂಪಾದಕ