ಕೃಷಿ ಹೊಂಡದಲ್ಲಿ ಏರೇಟರ್ ಇಲ್ಲದೆ ಕೊರಮೀನು ಸಾಕಬಹುದಾ?

ಚಿಂತಾಮಣಿ ಹತ್ತಿರ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಇದೆ, ಟೊಮೆಟೊಗೆ ಬಿಟ್ಟ ಮೇಲೂ ನೀರು ಉಳಿಯುತ್ತದೆ, ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇಲ್ಲದೆ ಕೊರಮೀನು ಬಿಡಬಹುದಾ ಎಂದು ಕೇಳಿದ್ದೀರಿ. "ಗಾಳಿ ಕುಡಿಯೋ ಮೀನು, ಎಂಥಾ ನೀರಲ್ಲೂ ಬದುಕುತ್ತೆ" ಅಂತ ಮರಿ ಮಾರುವವರು ಹೇಳಿದ್ದಾರಂತೆ. ನಾನು ಶ್ರೀನಿವಾಸಪುರದ ಕಡೆಯವನು, ಇಂಥದ್ದೇ ಹೊಂಡದಲ್ಲಿ ಕೊರಮೀನು ಸಾಕುತ್ತಿದ್ದೇನೆ. ಖಂಡಿತ ಬಿಡಬಹುದು. ಆದರೆ ಅವರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ.

ಕೊರಮೀನಿನ ತಲೆಯೊಳಗೆ, ಕಿವಿರಿನ ಮೇಲ್ಗಡೆ ಒಂದು ಪೊಳ್ಳು ಜಾಗ ಇದೆ. ಮೇಲೆ ಬಂದು ಗಾಳಿ ನುಂಗಿ, ಅಲ್ಲಿಂದಲೇ ಆಮ್ಲಜನಕ ಹೀರಿಕೊಳ್ಳುತ್ತದೆ. ಕಾಟ್ಲಾ, ರೋಹು ಚೆನ್ನಾಗಿ ಬೆಳೆಯಬೇಕಾದರೆ ಒಂದು ಲೀಟರ್ ನೀರಲ್ಲಿ 4-5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಮೋಡ ಮುಚ್ಚಿದ ದಿನ ಬೆಳಗಿನ ಜಾವ ಅದು ಇಳಿದರೆ ಬಾಯಿ ಬಿಟ್ಟುಕೊಂಡು ಮೇಲೆ ತೇಲುತ್ತವೆ. ಬೆಳೆದ ಕೊರಮೀನಿಗೆ ಆ ಭಯ ಇಲ್ಲ. ಕರೆಂಟ್ ಹೋದರೂ ಚಿಂತೆ ಇಲ್ಲ.

ಆದರೆ ಗಾಳಿ ಕುಡಿದರೂ ಮೈ ಇರುವುದು ನೀರಲ್ಲೇ ಅಲ್ವಾ? ತಿನ್ನದೆ ಉಳಿದ ಮೇವು, ಹಿಕ್ಕೆ ಕೊಳೆತು ಅಮೋನಿಯಾ ಆಗುತ್ತದೆ. ಅದರಿಂದ ಗಾಳಿ ಕಾಪಾಡುವುದಿಲ್ಲ. ನಮ್ಮದು ಪಾಲಿಥಿನ್ ಹಾಳೆ ಹಾಸಿದ ಹೊಂಡ. ಮಣ್ಣಿನ ತಳ ಇಲ್ಲದ್ದರಿಂದ ಕೊಳೆ ಬೇಗ ಸೇರುತ್ತದೆ. ಇಲ್ಲಿ ನಿಮ್ಮ ಟೊಮೆಟೊನೇ ಉಪಕಾರಿ. ನೀರನ್ನು ಮೇಲಿಂದ ಎಳೆಯಬೇಡಿ, ತಳದಿಂದ ಎಳೆದು ಬೆಳೆಗೆ ಬಿಡಿ, ಅಷ್ಟೇ ಹೊಸ ನೀರು ತುಂಬಿ. ಕೊಳೆ ಗೊಬ್ಬರವಾಗಿ ಹೋಗುತ್ತದೆ, ಮೀನಿಗೂ ನೀರು ಬದಲಾಗುತ್ತದೆ. ಡ್ರಿಪ್ ಇದ್ದರೆ ಮರಳಿನ ಫಿಲ್ಟರ್ ಬೇಕೇ ಬೇಕು, ಬರೀ ಜಾಲರಿ ಫಿಲ್ಟರ್ ಪಾಚಿಗೆ ಕಟ್ಟಿಕೊಳ್ಳುತ್ತದೆ. ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ.

ಟೊಮೆಟೊ ಮಧ್ಯೆ ಹೊಂಡ ಇರುವವರಿಗೆ ನಾನು ಒತ್ತಿ ಹೇಳುವ ಮಾತು ಇನ್ನೊಂದಿದೆ. ಔಷಧಿ ಹೊಡೆಯುವಾಗ ಗಾಳಿ ಹೊಂಡದ ಕಡೆ ಬೀಸಬಾರದು. ಸ್ಪ್ರೇಯರ್ ಅನ್ನು ಹೊಂಡದ ದಡದಲ್ಲಿ ತೊಳೆಯಲೇಬಾರದು. ನಾವು ಹುಳಕ್ಕೆ ಹೊಡೆಯುವ ಎಷ್ಟೋ ಔಷಧಿ ಮೀನಿಗೆ ಸ್ವಲ್ಪ ಸೋಕಿದರೂ ವಿಷ. ಕೂಲಿಗೆ ಬಂದವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಇನ್ನು ದುಡ್ಡಿನ ವಿಷಯ. ಕೊರಮೀನು ಮಾಂಸ ತಿನ್ನುವ ಮೀನು. ಹಿಂಡಿ, ತೌಡು ಹಾಕಿದರೆ ಬೆಳೆಯುವುದಿಲ್ಲ. ಪ್ರೋಟೀನ್ ಸುಮಾರು 40 ಶೇಕಡಾ ಇರುವ ತೇಲುವ ಪೆಲೆಟ್ (ಗುಳಿಗೆಯಂಥ ಮೇವು) ಬೇಕು. ಮೊದಲ ಸಲ ಅಂತ 500 ಮರಿ ಸಾಕು. ಎಲ್ಲಾ ಉಳಿದು ಒಂದೊಂದು 700 ಗ್ರಾಂ ಬಂದರೆ 350 ಕೆಜಿ. ಒಂದು ಕೆಜಿ ಮೀನಿಗೆ ಒಂದೂವರೆ ಕೆಜಿ ಪೆಲೆಟ್ ಅಂದರೂ 525 ಕೆಜಿ ಆಯಿತು. ಅಂಗಡಿಯ ಬೆಲೆ ಕೇಳಿ ಗುಣಿಸಿ ನೋಡಿ. ಖರ್ಚಿನ ದೊಡ್ಡ ಪಾಲು ಇದೇ, ಏರೇಟರ್ ಉಳಿತಾಯ ಇದರ ಮುಂದೆ ಏನೂ ಅಲ್ಲ. ಎಲ್ಲವೂ ಉಳಿಯುತ್ತವೆ ಅಂತ ಮಾತ್ರ ಲಾಭದ ಲೆಕ್ಕ ಹಾಕಬೇಡಿ. ದೊಡ್ಡದು ಸಣ್ಣದನ್ನು ನುಂಗಿಬಿಡುತ್ತದೆ. ಮೊದಲ ಎರಡು ತಿಂಗಳು 15 ದಿನಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡಲೇಬೇಕು. ಹೊಂಡದೊಳಗೇ ಹಾಪಾ (ಬಲೆಯ ತೊಟ್ಟಿ) ಕಟ್ಟಿಕೊಂಡರೆ ಸುಲಭ.

ತೀರಾ ಸಣ್ಣ ಮರಿ ತರಬೇಡಿ. ಹುಟ್ಟಿದ ಹೊಸತರಲ್ಲಿ ಇವೂ ಕಿವಿರಿನಿಂದಲೇ ಉಸಿರಾಡುತ್ತವೆ, ಗಾಳಿ ಕುಡಿಯುವುದು ಆಮೇಲೆ. ಜೊತೆಗೆ ಅವಕ್ಕೆ ಜೀವಂತ ಆಹಾರ ಬೇಕು. 3-4 ಇಂಚು ಬೆಳೆದು, ಪೆಲೆಟ್ ತಿನ್ನಲು ಕಲಿತ ಮರಿ ಕೇಳಿ. ಮೇವು ಹಾಕುವ ಹೊತ್ತಿಗೇ ಹೋಗಿ, ನಿಮ್ಮ ಕಣ್ಣೆದುರು ತಿಂದರೆ ಮಾತ್ರ ದುಡ್ಡು ಕೊಡಿ.

"ಮಾಗೂರ್ ತಗೊಳ್ಳಿ, ಆರು ತಿಂಗಳಿಗೆ ಒಂದು ಕೆಜಿ" ಅಂತ ಯಾರಾದರೂ ಬಂದರೆ ಬೇಡವೇ ಬೇಡ. ನಾಟಿ ಮಾಗೂರ್ ಅಷ್ಟು ಬೇಗ ಬೆಳೆಯುವುದೇ ಇಲ್ಲ, 7-8 ತಿಂಗಳಿಗೆ 100-120 ಗ್ರಾಂ ಬರುತ್ತದೆ. ಅವರು ಮಾರುತ್ತಿರುವುದು ಆಫ್ರಿಕನ್ ಕ್ಯಾಟ್‌ಫಿಶ್. ಅದರ ಸಾಕಣೆಗೆ ನಿಷೇಧ ಇದೆ. ಮಳೆಗೆ ಕೋಡಿ ಹರಿದು ಕೆರೆ ಸೇರಿದರೆ ನಮ್ಮ ನಾಟಿ ಮೀನುಗಳನ್ನೆಲ್ಲ ತಿಂದು ಹಾಕುತ್ತದೆ. ನೀರಿಗೆ ಇಷ್ಟು ಕಷ್ಟಪಡುವ ನಮ್ಮ ಜಿಲ್ಲೆಗಳಲ್ಲಿ ಕೆರೆ ಕೆಡಿಸುವ ಕೆಲಸಕ್ಕೆ ಯಾರೂ ಕೈ ಹಾಕಬಾರದು.

ಕೊರಮೀನು ಕೂಡ ಸುಮ್ನೆ ಕೂರುವ ಮೀನಲ್ಲ. ಮಳೆ ಬಿದ್ದ ರಾತ್ರಿ ಎಗರಿ, ಒದ್ದೆ ನೆಲದ ಮೇಲೆ ತೆವಳಿಕೊಂಡು ಹೋಗುತ್ತದೆ. ಸುತ್ತ ಮೂರು ಅಡಿ ಎತ್ತರಕ್ಕೆ ಬಲೆ ಕಟ್ಟಿ. ನೀರುಕಾಗೆ, ಮಿಂಚುಳ್ಳಿ ಬಾರದಂತೆ ಮೇಲೂ ಬಲೆ ಇರಲಿ. ಹಾಳೆಯ ದಡ ಜಾರುತ್ತದೆ, ಮಕ್ಕಳು ಬಿದ್ದರೆ ಮೇಲೆ ಬರಲಾರರು. ಬೇಲಿ ಹಾಕಿ, ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ. ಆಳ ಪೂರ್ತಿ ತುಂಬಬೇಕಿಲ್ಲ, ಒಂದೂವರೆ ಮೀಟರ್ ನೀರು ಸಾಕು. ಗಾಳಿಗಾಗಿ ಪದೇ ಪದೇ ಮೇಲೆ ಬರುವ ಮೀನಿಗೆ ಅದೇ ಹಿತ. ಒಂದು ಮೂಲೆಯಲ್ಲಿ ಅಂತರಗಂಗೆ ಬಿಡಿ, ಮರೆ ಸಿಗುತ್ತದೆ, ಆದರೆ ಹರಡದಂತೆ ಬಿದಿರಿನ ಚೌಕಟ್ಟು ಹಾಕಿ.

ಡಿಸೆಂಬರ್-ಜನವರಿ ಚಳಿಗೆ ಮೇವು ಕಡಿಮೆ ಮಾಡಿ. ಮೈ ಮೇಲೆ ಹುಣ್ಣು ಕಾಣುವುದು ಜಾಸ್ತಿ ಆಗ. ಕಂಡ ಕೂಡಲೇ ತಾಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಸಾಮಾನ್ಯ ವರ್ಗಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60 ಶೇಕಡಾ ಸಹಾಯಧನದ ಯೋಜನೆ ಅದು. ನಿಮ್ಮ ಹೊಂಡಕ್ಕೆ ಸಿಗುತ್ತದಾ ಅಂತ ಮರಿ ತರುವ ಮೊದಲೇ ಕೇಳಿ.

ಮಾರಾಟಕ್ಕೆ ಆಂಧ್ರದ ಗಡಿ ಹತ್ತಿರ ಇರುವುದು ಒಳ್ಳೆಯದೇ, ಆ ಕಡೆಯವರಿಗೆ ಕೊರಮೀನು ಅಂದರೆ ಪ್ರೀತಿ. ಆದರೆ ಬೆಲೆ ಇರುವುದು ಜೀವಂತ ಮೀನಿಗೆ. ರಾತ್ರಿ ಕಟ್ಟುಬಲೆ ಬಿಟ್ಟು ಬೆಳಿಗ್ಗೆ ಎತ್ತಬೇಡಿ. ನೀರಿನಡಿ ಸಿಕ್ಕಿಕೊಂಡ ಕೊರಮೀನು ಮೇಲೆ ಬಂದು ಗಾಳಿ ಕುಡಿಯಲಾಗದೆ ಉಸಿರುಕಟ್ಟಿ ಸಾಯುತ್ತದೆ. ನೀರು ಇಳಿಸಿ, ಎಳೆಬಲೆಯಲ್ಲಿ ಹಿಡಿದು, ಡ್ರಮ್ಮಿಗೆ ಸ್ವಲ್ಪವೇ ನೀರು ಹಾಕಿ, ಮೇಲೆ ಗಾಳಿಗೆ ಜಾಗ ಬಿಟ್ಟು ಸಾಗಿಸಿ.