ಕೆರೆಯ ಹೆಸರು ಹೇಳುವುದಿಲ್ಲ

ಓದುಗರ ಪತ್ರ: ಹೋದ ತಿಂಗಳು ಚಳಿಗಾಲದ ಬಾತುಗಳ ಲೇಖನ ಓದಿದೆ. ಫೋಟೊಗಳು ಚೆನ್ನಾಗಿವೆ. ಆದರೆ ‘ಬಯಲುಸೀಮೆಯ ಒಂದು ಕೆರೆ’ ಅಂತಷ್ಟೇ ಹಾಕಿದ್ದೀರಿ. ಆ ಕೆರೆಗೆ ಹೆಸರಿಲ್ಲವೇ? ಸರ್ಕಾರದ ಕೆರೆ ಎಲ್ಲರದ್ದೂ ಅಲ್ವಾ? ನಮ್ಮಜ್ಜ ಇಂಥ ಕೆರೆಗಳಲ್ಲೇ ಬಾತು ಹೊಡೆಯುತ್ತಿದ್ದರು. ನನ್ನ ಕೈಯಲ್ಲಿರುವುದು ಕೋವಿಯಲ್ಲ, ಕ್ಯಾಮೆರಾ. ನಾಲ್ಕು ಜನ ನೋಡಿದರೆ ತಾನೇ ಕೆರೆ ಉಳಿಯುವುದು? ಪತ್ರಿಕೆಯಲ್ಲಿ ಬೇಡ ಅಂದರೆ ನನಗೊಬ್ಬನಿಗಾದರೂ ತಿಳಿಸಿ. (ದಯವಿಟ್ಟು ನನ್ನ ಹೆಸರು ಹಾಕಬೇಡಿ.)
— ಓದುಗರೊಬ್ಬರು, ಹಾವೇರಿ

ಸಂಪಾದಕರ ಉತ್ತರ:

ನಿಮ್ಮ ಹೆಸರು ಹಾಕಿಲ್ಲ ಸ್ವಾಮಿ. ಯಾಕೆ ಬೇಡ ಅಂತಲೂ ಕೇಳಲಿಲ್ಲ. ಆ ಕೆರೆಗೂ ಅಷ್ಟೇ ಮರ್ಯಾದೆ ಕೊಟ್ಟಿದ್ದೇವೆ ಅಂದುಕೊಳ್ಳಿ.

ನಾಲ್ಕು ಜನ ನೋಡಿದರೆ ಜಾಗ ಉಳಿಯುತ್ತದೆ ಅನ್ನುವುದು ಸುಳ್ಳಲ್ಲ. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಮೈಸೂರು ಅರಸರಿಗೆ ಹೇಳಿದ್ದರಿಂದಲೇ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಅಮೂರ್ ಫಾಲ್ಕನ್ ಎಂಬ ವಲಸೆ ಹಕ್ಕಿಗಳನ್ನು ಬಲೆ ಹಾಕಿ ಹಿಡಿಯುತ್ತಿದ್ದ ವಿಷಯ 2012ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಮರುವರ್ಷ ಅದೇ ಊರಿನವರು ಬಲೆ ಸುತ್ತಿಟ್ಟರು. ಇಷ್ಟನ್ನು ಒಪ್ಪಿದೆ. ಇನ್ನು ನನ್ನ ಮಾತು ಕೇಳಿ.

ನಿಮ್ಮಜ್ಜನ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ಒಂದು ಕೇಳುತ್ತೇನೆ. ಅವರು ಜೋಡುನಳಿಗೆ ಹೆಗಲಿಗೆ ಹಾಕಿಕೊಂಡು ಯಾವ ಕೆರೆಗೆ ಹೋಗುತ್ತೇನೆ ಅಂತ ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಿದ್ದರಾ? ಖಂಡಿತ ಇಲ್ಲ. ಹಳೇ ಶಿಕಾರಿಗಳೆಲ್ಲ ಹಾಗೇ. ನಮ್ಮ ಮಲೆನಾಡಿನಲ್ಲಿ ಅಣಬೆ ಏಳುವ ಜಾಗವನ್ನು ಮನೆ ಅಳಿಯನಿಗೂ ಹೇಳುವುದಿಲ್ಲವಲ್ಲ, ಅದೇ ಬುದ್ಧಿ. ಬೇಟೆಗೆ ಲೈಸೆನ್ಸು, ಸೀಸನ್ನು ಎಲ್ಲ ಇರುವ ಅಮೆರಿಕದಲ್ಲೂ ಗ್ರೌಸ್ ಎಂಬ ಕಾಡುಹಕ್ಕಿ ಹೊಡೆಯುವ ಹಳಬರು ತಮ್ಮ ಮೆಚ್ಚಿನ ಪೊದೆಗಾಡಿನ ದಾರಿಯನ್ನು ಗೆಳೆಯರಿಗೂ ಬಿಟ್ಟುಕೊಡುವುದಿಲ್ಲ. ಇದು ಬರೀ ಜಿಪುಣತನ ಅನ್ನಬೇಡಿ. ಜಾಗದ ಹೆಸರು ಹೊರಗೆ ಬಿತ್ತೆಂದರೆ ಮುಂದಿನ ಶನಿವಾರಕ್ಕೇ ಅಲ್ಲಿ ಕಾರುಗಳ ಸಾಲು. ಗುಂಡಿಗೆ ಬೀಳುವ ಹಕ್ಕಿಗಳ ಲೆಕ್ಕ ಒಂದು ಕಡೆ. ಬೀಳದೆ ಉಳಿದವು ಏನು ಮಾಡುತ್ತವೆ ಗೊತ್ತಾ? ನಾಯಿ ಮೂಸುವ ಮೊದಲೇ, ಕೋವಿಗೆ ಸಿಗದಷ್ಟು ದೂರದಲ್ಲೇ ಎದ್ದು ಹಾರುತ್ತವೆ. ಬಾತುಗಳಂತೂ ಹಗಲಲ್ಲಿ ಆ ನೀರಿಗೆ ಇಳಿಯುವುದನ್ನೇ ಬಿಟ್ಟು ರಾತ್ರಿ ಬಂದು ಮೇಯುತ್ತವೆ. ಡೆನ್ಮಾರ್ಕ್‌ನ ಎರಡು ಜವುಗು ಪ್ರದೇಶಗಳಲ್ಲಿ ಕೆಲವು ಭಾಗಕ್ಕೆ ಬೇಟೆ ನಿಲ್ಲಿಸಿ ನೋಡಿದರು. ಕೆಲವೇ ವರ್ಷಗಳಲ್ಲಿ ಬಾತುಗಳ ಸಂಖ್ಯೆ ಎಷ್ಟೋ ಪಟ್ಟು ಏರಿತು. ಮೇವು ಮೊದಲೂ ಇತ್ತು, ನೀರೂ ಇತ್ತು. ಇಲ್ಲದೇ ಇದ್ದದ್ದು ನೆಮ್ಮದಿ.

ಜಾಗ ಹೆಸರುವಾಸಿಯಾದರೆ ಏನಾಗುತ್ತದೆ ಅನ್ನುವುದನ್ನು ರಾಜಸ್ಥಾನದ ಭರತ್‌ಪುರ ಪಕ್ಷಿಧಾಮದಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಯಾವ ತಾರೀಕು, ಯಾವ ದೊರೆ, ಎಷ್ಟು ಕೋವಿ, ಎಷ್ಟು ಹಕ್ಕಿ, ಎಲ್ಲ ಅಲ್ಲಿದೆ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಿದ್ದಾಗ ಒಂದೇ ದಿನ 4,273 ಹಕ್ಕಿ ಹೊಡೆದರು. ಅಲ್ಲಿಗೆ ಹೋದವರು ಹಕ್ಕಿ ನೋಡಿ ಬಂದುಬಿಡುತ್ತಾರೆ. ಆ ಕಲ್ಲನ್ನೂ ನಿಂತು ಓದಬೇಕು.

‘ನನ್ನ ಕೈಯಲ್ಲಿರುವುದು ಕ್ಯಾಮೆರಾ’ ಅಂದಿರಿ. ಹೆಸರು ಬಿದ್ದ ಒಂದು ಕೆರೆಯ ಏರಿಯ ಮೇಲೆ ನಾನು ಕಂಡಿದ್ದು ಹೇಳುತ್ತೇನೆ. ಇಬ್ಬರು ಹುಡುಗರು, ಮೊಳದುದ್ದದ ಲೆನ್ಸು. ಹಕ್ಕಿಗೆ ಗಾಬರಿಯಾಗಬಾರದು ಅಂತ ಲೆನ್ಸಿಗೆ ಎಲೆ ಚಿತ್ತಾರದ ಬಟ್ಟೆ ಬೇರೆ ಸುತ್ತಿದ್ದರು. ನೀರಿನ ಮೇಲೆ ಬಾತುಗಳು ತಲೆ ಹಿಂದಕ್ಕೆ ಸಿಕ್ಕಿಸಿಕೊಂಡು ತೂಕಡಿಸುತ್ತಿದ್ದವು. ಹಾರುವ ಫೋಟೊ ಬೇಕಲ್ಲ? ಒಬ್ಬ ಬಗ್ಗಿ ಕಲ್ಲು ಹುಡುಕಿದ, ಬೀಸಿದ. ಹಿಂಡೆಲ್ಲ ಎದ್ದು ಒಂದು ಸುತ್ತು ಹಾಕಿ ಮತ್ತೆ ಇಳಿಯಿತು. ಫೋಕಸ್ ಸರಿ ಬಂದಿಲ್ಲವಂತೆ, ಇನ್ನೊಂದು ಕಲ್ಲು. ಹೊತ್ತು ಏರುವವರೆಗೂ ಇದೇ ನಡೆಯಿತು. ನಿಮ್ಮಜ್ಜನಾದರೆ ಎರಡು ತೋಟಾ ಖರ್ಚಾದ ಮೇಲೆ ಮನೆಗೆ ಹೋಗುತ್ತಿದ್ದರು.

ನೀವು ಅಂಥವರಲ್ಲ ಅಂತ ನಂಬುತ್ತೇನೆ. ಇಷ್ಟು ಅಕ್ಕರೆಯಿಂದ ಪತ್ರ ಬರೆಯುವವರು ಕಲ್ಲು ಎಸೆಯುವುದಿಲ್ಲ. ಆದರೆ ಪತ್ರಿಕೆಯನ್ನು ನೀವೊಬ್ಬರೇ ಓದುವುದಿಲ್ಲವಲ್ಲ. ಗೂಡಿನ ಮುಂದಿನ ಎಲೆ ಸವರಿ ಮರಿಯ ಫೋಟೊ ತೆಗೆಯುವವರೂ ಓದುತ್ತಾರೆ. ಅವರು ಹೋದ ಮೇಲೆ ಅದೇ ಕಿಂಡಿಯಲ್ಲಿ ಕಾಗೆ ಬಗ್ಗಿ ನೋಡುತ್ತದೆ. ಏರ್‌ಗನ್ ಇಟ್ಟುಕೊಂಡವರೂ, ರಾತ್ರಿ ಬಲೆ ಕಟ್ಟುವವರೂ ಓದುತ್ತಾರೆ. ಬೇಟೆ ತಡೆಯಲು 1972ರಿಂದ ಕಾನೂನಿದೆ ನಿಜ. ಕೆರೆ ಏರಿಯ ಮೇಲೆ ರಾತ್ರಿ ಕಾಯುವವರು ಯಾರು?

ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಸರೋವರದ ಬಳಿ ಗುಟ್ಟು ಬಿಟ್ಟುಕೊಟ್ಟು ಗೆದ್ದರು ಅಂತ ನೀವು ವಾದಿಸಬಹುದು. ಸರಿ. ಆ ದೇಶದಲ್ಲಿ ಅಳಿದೇಹೋಗಿದ್ದ ಆಸ್ಪ್ರೇ ಹದ್ದು ಅಲ್ಲಿ ಗೂಡು ಕಟ್ಟಿತ್ತು. 1958ರಲ್ಲಿ ಕಾವಲಿದ್ದರೂ ರಾತ್ರಿ ಕಳ್ಳನೊಬ್ಬ ಮರ ಹತ್ತಿ ಮೊಟ್ಟೆಗಳನ್ನು ಹಾಳುಮಾಡಿದ. 1959ರಲ್ಲಿ ಬೇಲಿ ಹಾಕಿದರು, ಹಗಲೂ ರಾತ್ರಿ ಜನ ಕೂರಿಸಿದರು, ದೂರದಲ್ಲೊಂದು ಮರೆ ಕಟ್ಟಿ ದುರ್ಬೀನು ಇಟ್ಟರು. ಆಮೇಲೆ ‘ಬನ್ನಿ’ ಅಂದರು. ಆ ವರ್ಷ ಸುಮಾರು 14 ಸಾವಿರ ಜನ ಬಂದು ನೋಡಿದರು, ಮರಿಗಳೂ ಹಾರಿದವು. ಮೊದಲು ಕಾವಲು, ಆಮೇಲೆ ಡಂಗುರ. ನಮ್ಮಲ್ಲಿ ಮೊದಲು ರೀಲ್ಸು, ಆಮೇಲೆ ಚಿಪ್ಸ್ ಅಂಗಡಿ, ಕಾವಲುಗಾರ ಬರುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಹಕ್ಕಿಗಳ ಕಥೆ ಮಾತ್ರ ಅಲ್ಲ ಇದು. ‘ಯಾರಿಗೂ ಗೊತ್ತಿಲ್ಲದ ಜಲಪಾತ’ ಅಂತ ಲಕ್ಷ ಜನಕ್ಕೆ ತೋರಿಸುತ್ತಾರೆ. ಎಮ್ಮೆ ತೊಳೆಯುತ್ತಿದ್ದ ಹೊಳೆ ಮಗ್ಗುಲಿಗೆ ಮಾರ್ಚಿಯಲ್ಲಿ ಒಂದು ರೆಸಾರ್ಟು, ಮೇ ಹೊತ್ತಿಗೆ ಮೂರು. ನೋಡಿದ್ದನ್ನೆಲ್ಲ ಲೊಕೇಶನ್ ಸಮೇತ ಹಂಚಲೇಬೇಕು ಅನ್ನುವ ಈ ತುರಿಕೆ ಎಲ್ಲಿಂದ ಬಂತೋ! ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣ ಕೂಡ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗ ತೋರಿಸುವುದಿಲ್ಲ. ಅಂಕಿ-ಅಂಶವೇ ಜೀವಾಳವಾದವರಿಗೂ ಎಲ್ಲಿ ಬಾಯಿ ಮುಚ್ಚಬೇಕು ಅಂತ ಗೊತ್ತು. ನಮ್ಮ ಕೆಲವು ಫೋಟೊಗ್ರಾಫರುಗಳಿಗೆ ಗೊತ್ತಿಲ್ಲ. ಅವರ ಲೇಖನಗಳಿಂದ ಊರಿನ ಹೆಸರು ಹೊಡೆದುಹಾಕಿದರೆ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಇನ್ನು ‘ನನಗೊಬ್ಬನಿಗಾದರೂ ತಿಳಿಸಿ’ ಅಂದಿದ್ದಕ್ಕೆ. ಇಲ್ಲ, ನಿಮಗೂ ಹೇಳುವುದಿಲ್ಲ. ಅದರ ಬದಲು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಬನ್ನಿ. ನಿಮಗೆ ಅಷ್ಟೇನೂ ದೂರವಲ್ಲ. ಅದರ ಹೆಸರು ಈಗಾಗಲೇ ಊರಿಗೆಲ್ಲ ಗೊತ್ತು. 2024ರಲ್ಲಿ ಜಗತ್ತಿನ ಮುಖ್ಯ ಜವುಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ, ಅರಣ್ಯ ಇಲಾಖೆಯ ಕಣ್ಣೂ ಇದೆ. ಡಿಸೆಂಬರ್, ಜನವರಿಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಬಂದು ಹಗಲು ನೀರಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಬೆಳಿಗ್ಗೆ ಬೇಗ ಹೋಗಿ, ದೂರದಲ್ಲೇ ನಿಲ್ಲಿ. ಫೋಟೊ ಚೆನ್ನಾಗಿ ಬಂದರೆ ನಮಗೂ ಒಂದು ಕಳಿಸಿ, ಹಾಕುತ್ತೇವೆ. ಆಗಲಾದರೂ ನಿಮ್ಮ ಹೆಸರು ಹಾಕಬಹುದಾ, ತಿಳಿಸಿ.