ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಸನ್ನೆ ಮಾಡಬಹುದಾ?

ಎರಡು ಗಂಟೆ ಒಬ್ಬರೇ ಸನ್ನೆ ಭಾಷೆಗೆ ಅನುವಾದ ಮಾಡಿದ ದಿನ ಮಣಿಕಟ್ಟು ನೋಯುತ್ತೆ, ರಾತ್ರಿ ಬೆರಳು ಜೋಮು ಹಿಡಿಯುತ್ತೆ, ಪಟ್ಟಿ ಕಟ್ಟಿಕೊಂಡು ಕೆಲಸ ಮುಂದುವರಿಸಲಾ ಅಂತ ಕೇಳಿದ್ದೀರಿ. ಬೇಡ. ಮಣಿಕಟ್ಟನ್ನು ಬಿಗಿದಿಟ್ಟರೆ ಸನ್ನೆಗೆ ಬೇಕಾದ ತಿರುವಿನ ಭಾರವೆಲ್ಲ ಮೊಣಕೈಗೂ ಭುಜಕ್ಕೂ ಬೀಳುತ್ತೆ. ಮಲಗುವಾಗ ಕಟ್ಟಿಕೊಳ್ಳೋದು ಬೇರೆ ಮಾತು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳೋದು ತಪ್ಪುತ್ತೆ.

ನನ್ನ ಪ್ರಕಾರ ತಪ್ಪಿರೋದು ಆ ‘ಒಬ್ಬರೇ ಎರಡು ಗಂಟೆ’ಯಲ್ಲಿ. ಉದ್ದದ ಕಾರ್ಯಕ್ರಮಕ್ಕೆ ಇಬ್ಬರು ಹೋಗಿ 15–20 ನಿಮಿಷಕ್ಕೊಮ್ಮೆ ಬದಲಾಗೋದು ಈ ವೃತ್ತಿಯ ರೂಢಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿ. ವೇದಿಕೆ ಹತ್ತಿದ ಮೇಲೆ ಕೇಳಿದರೆ ಯಾರೂ ಕಿವಿಗೊಡಲ್ಲ.

ಇನ್ನೊಂದು. ನೀವು ಕೆಲಸ ಮಾಡೋದನ್ನು ಹತ್ತು ನಿಮಿಷ ವಿಡಿಯೊ ಮಾಡಿಸಿ ನೋಡಿ. ಮಾತಾಡುವವರು ನೀರು ಕುಡಿಯಲು ನಿಂತಾಗ ನಿಮ್ಮ ಕೈ ಎಲ್ಲಿರುತ್ತೆ? ನನ್ನದು ಎದೆಮಟ್ಟದಲ್ಲೇ, ಬೆರಳು ಸೆಟೆದುಕೊಂಡು, ಮುಂದಿನ ವಾಕ್ಯಕ್ಕೆ ಕಾಯ್ತಾ ಇತ್ತು! ಈಗ ಮೂರು ಸೆಕೆಂಡು ಸಿಕ್ಕರೂ ಕೈ ಇಳಿಬಿಡ್ತೀನಿ. ವೇಗದ ಮಾತು ಬಂದಾಗ ಹಲ್ಲು ಕಚ್ಚಿ ಭುಜ ಏರಿಸೋದು, ಬೆರಳಕ್ಷರದಲ್ಲಿ (ಪದವನ್ನು ಬೆರಳಿನಿಂದ ಒಂದೊಂದೇ ಅಕ್ಷರವಾಗಿ ತೋರಿಸುವಾಗ) ಅಕ್ಷರಕ್ಕೊಂದು ಝಟಕಾ ಕೊಡೋದು, ಇವೂ ವಿಡಿಯೊದಲ್ಲೇ ಸಿಕ್ಕಿಬೀಳುತ್ತವೆ.

ಜೋಮು ಯಾವ ಬೆರಳಿಗೆ ಅಂತ ನೀವು ಬರೆದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರಬಹುದು. ಕಿರುಬೆರಳಾದರೆ ಹೆಚ್ಚಾಗಿ ಮೊಣಕೈ ಬಳಿಯ ಅಲ್ನಾರ್ ನರ. ಗುರುತು ಹಾಕಿಟ್ಟುಕೊಂಡು ಈ ವಾರವೇ ವೈದ್ಯರಿಗೆ ತೋರಿಸಿ, ಲೋಟ ಕೈಜಾರುವವರೆಗೆ ಕಾಯಬೇಡಿ.